ಜಂಗಿನ ಬಂದೂಕು

ಹತ್ಯಾರ ರಿಪೇರಿಯ ನೌಕರಿಗೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಫೌಜಿನ ರೈಫಲ್ಲಿಗೂ ಖಾಸಗಿ ರೈಫಲ್ಲಿಗೂ ಫರಕು ಏನ್ರಿ, ಕಾಳಪ್ಪ ಮಿಸ್ತ್ರಿ?’ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ, ಚಿತ್ರ ಸಮೇತ ಇದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಿರಿ, ಆಮೇಲೆ ನನ್ನ ಹತ್ತಿರ ಬನ್ನಿ. ನಾನು ಹೇಳುವ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಸೀಮೆಯಲ್ಲಿ ಆ ಫರಕನ್ನು ಒಬ್ಬ ಹೆಂಗಸು ಔಡಲೆಣ್ಣೆ ಮತ್ತು ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿ ತೆಗೆದಳು.

ನಾನು ನಿಜಾಮರ ಕಾಲದ ಪೊಲೀಸು ಠಾಣೆಯೊಂದರಲ್ಲಿ ಬಂದೂಕು ಮಿಸ್ತ್ರಿಯಾಗಿದ್ದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಗೆ ತಪಾಸಣೆಗೆಂದು ತಿರುಗಿದವನು ನಾನು. ಒಂದು ಊರಿನ ಹೆಸರು ಬರೆದರೆ ಉಳಿದ ಮೂರು ಊರಿನವರು ‘ನಮ್ಮ ಠಾಣೆ ಇದಕ್ಕಿಂತ ಏನು ಕಡಿಮೆ ಇತ್ತು’ ಎಂದು ಜಗಳಕ್ಕೆ ಬರುತ್ತಾರೆ. ಬಡ್ತಿಯ ವಿಷಯವನ್ನೂ ಬರೆಯುವುದಿಲ್ಲ. ಮಿಸ್ತ್ರಿಯಾಗಿ ಒಳಗೆ ಹೋದೆ, ಮಿಸ್ತ್ರಿಯಾಗಿಯೇ ಹೊರಗೆ ಬಂದೆ.

ಆದರೂ ಪಾಠದ ಮಾತು ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು. ಫೌಜಿನ ರೈಫಲ್ಲಿಗೆ ಮೂತಿಯ ತನಕ ಕಟ್ಟಿಗೆಯ ಅಂಗಿ ಇರುತ್ತದೆ. ಸಿಪಾಯಿ ಒಂದೇ ಸಮ ಗುಂಡು ಹೊಡೆಯುವಾಗ ಕಾದ ನಳಿಗೆ ಅವನ ಕೈ ಸುಡಬಾರದು, ಅದಕ್ಕೆ. ಮೂತಿಯ ಹತ್ತಿರ ಸಂಗೀನು, ಅಂದರೆ ಈಟಿಯಂಥ ಚೂರಿ ಸಿಕ್ಕಿಸಲು ಒಂದು ಕೊಕ್ಕೆ. ತೂಕ ಜಾಸ್ತಿ. ಗುಂಡು ತೀರಿದ ಮೇಲೆ ಅದರಿಂದಲೇ ಬಡಿದಾಡಬೇಕಲ್ಲ! ಖಾಸಗಿಯವರ ರೈಫಲ್ಲಿಗೆ, ನಮ್ಮ ದಫ್ತರದ ಮಾತಿನಲ್ಲಿ ಶಿಕಾರಿ ಬಂದೂಕಿಗೆ, ಅರ್ಧ ಅಂಗಿ ಸಾಕು. ಹಂದಿಗೆ ಒಂದು ಗುಂಡು ಹೊಡೆದು ಮನೆಗೆ ಹೋಗುವವನ ಕೈ ಯಾಕೆ ಸುಟ್ಟೀತು? ಕೊಕ್ಕೆ ಇಲ್ಲ, ತೂಕ ಕಡಿಮೆ, ಹಿಡಿಕೆಯ ಮೇಲೆ ನೋಡಲಿಕ್ಕೆ ಒಂದಿಷ್ಟು ಚಿತ್ತಾರ.

ವಿಲಾಯತಿಯ ಕಂಪನಿಗಳು ಎರಡನ್ನೂ ಒಂದೇ ಕಾರಖಾನೆಯಲ್ಲಿ ಮಾಡುತ್ತಿದ್ದವು. ಗುಂಡು ತಳ್ಳುವ ಬೋಲ್ಟು ಅದೇ, ಮೈಕಟ್ಟು ಅದೇ. ಒಳಗಿನ ಅಳತೆ ಮಾತ್ರ ಬೇರೆ. ಫೌಜಿನಿಂದ ಯಾರಾದರೂ ತೋಟಾ ಕದ್ದು ತಂದರೆ ಅದು ಶಿಕಾರಿ ಬಂದೂಕಿನೊಳಗೆ ಕೂರಬಾರದು ಎಂಬುದು ಸರ್ಕಾರದ ಮುಂದಾಲೋಚನೆ. ತೋಟಾ ಎಂದರೆ ಗುಂಡು, ಮದ್ದು ಎರಡೂ ಸೇರಿದ ಕಾರ್ತೂಸು. ಅಣ್ಣತಮ್ಮಂದಿರ ಹಾಗೆ ಮುಖ ಒಂದೇ, ಊಟ ಬೇರೆ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದವನಿಗೆ ಮೋಸ ಹೋಗುವುದು ಸುಲಭ.

ಇವೆರಡರ ನಡುವೆ ಮೂರನೆಯ ಜಾತಿಯೊಂದಿತ್ತು. ಅದು ನಮ್ಮದು, ಪೊಲೀಸರದು. ಫೌಜಿನಲ್ಲಿ ಸವೆದ ರೈಫಲ್ಲನ್ನು ತಂದು, ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ಕೊರೆದು ನುಣ್ಣಗೆ ಮಾಡಿ, ಒಮ್ಮೆಗೆ ಒಂದೇ ತೋಟಾ ಹಿಡಿಯುವಂತೆ ಹೊಟ್ಟೆಗೆ ಕಟ್ಟಿಗೆಯ ತುಂಡು ತುರುಕಿ ನಮ್ಮ ಕೈಗೆ ಕೊಡುತ್ತಿದ್ದರು. ಪೊಲೀಸರೇ ತಿರುಗಿಬಿದ್ದರೆ ಏನು ಗತಿ ಎಂಬ ಭಯ ಸರ್ಕಾರಕ್ಕೆ. ಹೊರಗಿನಿಂದ ನೋಡಿದರೆ ಕೊಕ್ಕೆ, ಅಂಗಿ ಎಲ್ಲ ಇರುವ ಫೌಜಿನ ಬಂದೂಕು. ಒಳಗೆ ಏನೂ ಇಲ್ಲ. ನಮ್ಮ ಸಿಪಾಯಿಗಳು ಅದಕ್ಕೆ ‘ಬೀಜ ಒಡಿಸಿದ ಹೋರಿ’ ಎಂದು ಹೆಸರಿಟ್ಟಿದ್ದರು. ಪರೇಡಿನಲ್ಲಿ ಅದನ್ನು ಹೆಗಲಿಗೇರಿಸಿ ಎದೆ ಉಬ್ಬಿಸಿ ನಡೆಯುವಾಗ ಅವರ ಮುಖದಲ್ಲಿ ಸಣ್ಣ ನಾಚಿಕೆ ಇರುತ್ತಿತ್ತು.

ಠಾಣೆಯ ಮುಖ್ಯಸ್ಥರನ್ನು ಆಗ ಅಮೀನ ಸಾಹೇಬರು ಎನ್ನುತ್ತಿದ್ದರು. ನಮ್ಮ ಅಮೀನರು ಹೈದರಾಬಾದು ಶಹರದಿಂದ ಬಂದವರು. ಕೆಟ್ಟ ಮನುಷ್ಯ ಅಲ್ಲ, ಹಾಗೆಂದರೆ ನನ್ನ ನಾಲಗೆ ಬಿದ್ದುಹೋದೀತು. ಹಬ್ಬಕ್ಕೆ ಎಲ್ಲರಿಗೂ ಸಿಹಿ ಹಂಚುತ್ತಿದ್ದರು, ಸಿಪಾಯಿಯ ಮನೆಯಲ್ಲಿ ಜಡ್ಡು ಬಿದ್ದರೆ ತಾವೇ ಹೋಗಿ ನೋಡುತ್ತಿದ್ದರು. ಆದರೆ ತಪ್ಪು ಮಾಡುವುದಕ್ಕಿಂತ, ಮಾಡಿದ್ದು ತಪ್ಪು ಎಂದು ಮೇಲಿನವರಿಗೆ ಗೊತ್ತಾಗುವುದೇ ದೊಡ್ಡ ಗುನ್ಹೆ ಎಂದು ಅವರು ನಂಬಿದ್ದರು. ನಲವತ್ತು ವರ್ಷದ ನೌಕರಿಯಲ್ಲಿ ಹಾಗೆ ನಂಬದ ಅಧಿಕಾರಿಯನ್ನು ನಾನು ನೋಡಿಲ್ಲ, ಇವರೊಬ್ಬರನ್ನೇ ಯಾಕೆ ದೂರಲಿ?

ಒಮ್ಮೆ ಆನೆಗೊಂದಿಯ ಕಡೆ ಬಂದೋಬಸ್ತಿಗೆ ಹೋಗಿದ್ದೆವು. ವಿರೂಪಾಪುರಗಡ್ಡೆಯ ಭತ್ತದ ಗದ್ದೆಯ ಅಂಚಿನಲ್ಲಿ ನಿಂತರೆ ಹೊಳೆಯ ನಡುವಿನ ಬಂಡೆಯ ಮೇಲೆ ಮೊಸಳೆಯೊಂದು ಬಿಸಿಲು ಕಾಯಿಸುತ್ತಿತ್ತು. ಅಮೀನರು ಸಿಪಾಯಿಯ ಕೈಯಿಂದ ಬಂದೂಕು ಕಸಿದುಕೊಂಡರು. ನಮ್ಮ ಹೋರಿಗಳ ನಳಿಗೆ ಕೊರೆದಿದ್ದರೂ ಮೇಲಿನ ಗುರಿಪಟ್ಟಿ ಫೌಜಿನ ಕಾಲದ್ದೇ ಉಳಿದಿತ್ತು. ಬಹಳ ದೂರದ ಗುರಿಗೂ ಅದರ ಮೇಲೆ ಅಂಕಿ ಇತ್ತು. ಅಮೀನರು ಪಟ್ಟಿಯನ್ನು ತುದಿಯ ತನಕ ಏರಿಸಿದರು. ‘ಅಷ್ಟು ಬ್ಯಾಡ್ರಿ ಹುಜೂರ್, ಅದು ಬರೇ ತೋರಿಕಿ ಅಂಕಿ’ ಎಂದೆ. ‘ಸರ್ಕಾರ ಬರೆದದ್ದು ಸುಳ್ಳಾ?’ ಎಂದು ಗದರಿ ಬಂದೂಕಿನ ಕುದುರೆ ಎಳೆದರು. ಗುಂಡು ಮೊಸಳೆಯ ತಲೆಯ ಮೇಲೆ ಬಹಳ ಎತ್ತರದಲ್ಲಿ ಹಾದು ಆಚೆ ದಡದಲ್ಲಿ ಅಗಸರು ಹರವಿದ್ದ ಬಟ್ಟೆಯ ಮೇಲೆ ಬಿತ್ತು. ಅದರಲ್ಲಿ ಅಮೀನರದೇ ಒಂದು ಪಾಯಜಾಮ ಇತ್ತೆಂದು ಸಿಪಾಯಿಗಳು ಹೇಳುತ್ತಿದ್ದರು, ನಾನು ನೋಡಿಲ್ಲ. ಮೊಸಳೆ ಬಾಯಿ ಅಗಲಿಸಿ ಮತ್ತೆ ಮುಚ್ಚಿತು. ಹರಿಗೋಲಿನವನು, ‘ನಕ್ಕಂಗ ಆತು ನೋಡ್ರಿ’ ಎಂದ.

ಅಂದಿನಿಂದ ಅಮೀನರಿಗೆ ಒಂದೇ ಹಳಹಳಿ. ‘ಕೈಯಲ್ಲಿ ಜಂಗಿ ಬಂದೂಕು ಇದ್ದಿದ್ದರೆ ತೋರಿಸುತ್ತಿದ್ದೆ.’ ಉರ್ದುವಿನಲ್ಲಿ ಜಂಗ್ ಎಂದರೆ ಯುದ್ಧ, ಜಂಗಿ ಬಂದೂಕು ಎಂದರೆ ಯುದ್ಧದ ಬಂದೂಕು. ಅಷ್ಟರಲ್ಲಿ ದೊಡ್ಡ ಯುದ್ಧವೂ ಶುರುವಾಯಿತು. ಪ್ರಜೆಗಳ ಮನೆಯಲ್ಲಿ ಜಂಗಿ ಬಂದೂಕು ಸಿಕ್ಕರೆ ತಕ್ಷಣ ಜಪ್ತಿ ಮಾಡಿ, ಇಟ್ಟುಕೊಂಡವನನ್ನು ಹಿಡಿದು, ಮೇಲಕ್ಕೆ ಖಬರು ಕಳಿಸಬೇಕೆಂದು ಹುಕುಂ ಬಂತು. ಹಾಗೆ ಸಿಕ್ಕಿಬಿದ್ದವನಿಗೆ ವರ್ಷಗಟ್ಟಲೆ ಜೈಲು. ಅಮೀನರು ಹುಕುಮನ್ನು ನಮಗೆಲ್ಲ ಎರಡು ಸಲ ಓದಿ ಹೇಳಿದರು, ಎರಡನೆಯ ಸಲ ದನಿಯಲ್ಲಿ ಖುಷಿ ಇತ್ತು.

ವರ್ಷಕ್ಕೊಮ್ಮೆ ಲೈಸೆನ್ಸಿನ ಬಂದೂಕುಗಳ ತಪಾಸಣೆ ನಡೆಯುತ್ತಿತ್ತು. ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ದಿನ ಊರ ಹೊರಗಿನ ಹುಣಸೆಮರದ ಕೆಳಗೆ ಮೇಜು ಹಾಕಿ ಕೂರುತ್ತಿದ್ದೆವು. ನನ್ನ ಕೆಲಸ ನಳಿಗೆಯೊಳಗೆ ಇಣುಕುವುದು. ಏನೇನು ನೋಡಿಲ್ಲ ನಾನು! ಒಬ್ಬ ಗೌಡರ ಬಂದೂಕಿನಲ್ಲಿ ಕಣಜದ ಗೂಡು. ಒಬ್ಬ ವ್ಯಾಪಾರಿ ಇಲಿ ತಿನ್ನಬಾರದೆಂದು ನಳಿಗೆಯಲ್ಲಿ ಇಂಗು ಬಚ್ಚಿಟ್ಟಿದ್ದ. ಯಲಬುರ್ಗಾದಲ್ಲಿ ಬಂದೂಕಿನ ಬಾಯಿಂದ ಕೆಂಪು ಪುಡಿ ಉದುರಿದಾಗ ಅಮೀನರು ‘ಖೂನ್!’ ಎಂದು ಎದ್ದು ನಿಂತರು. ಆಯುಧಪೂಜೆಯ ಕುಂಕುಮ ಎಂದು ತಿಳಿಸಿ ಹೇಳುವಷ್ಟರಲ್ಲಿ ಬಂದೂಕಿನ ಮಾಲೀಕ ಹೆದರಿ ಓಡಿಹೋಗಿದ್ದ. ಅವನನ್ನು ಹುಡುಕಿ ತಂದು ಬಂದೂಕು ಕೊಡಬೇಕಾದರೆ ಸಾಕುಬೇಕಾಯಿತು.

ಕುಷ್ಟಗಿಯ ತಪಾಸಣೆಗೆ ಬಂದವನು ಫಕೀರಪ್ಪ. ಮಾತು ಕಡಿಮೆ, ಕೇಳಿದರೆ ಮಾತ್ರ ಉತ್ತರ ಕೊಡುವ ರೈತ. ಅವನ ಅಪ್ಪ ಒಬ್ಬ ದೇಸಾಯರ ಹೊಲ ಕಾಯುತ್ತಿದ್ದ. ದೇಸಾಯರು ಹುಲಿ ಹೊಡೆಯಬೇಕೆಂದು ವಿಲಾಯತಿ ಶಿಕಾರಿ ರೈಫಲ್ಲು ತರಿಸಿ, ಹುಲಿ ಸಿಗದೆ ಬೇಸತ್ತು, ಹಂದಿ ಕಾಯುವುದಕ್ಕೆ ಆಗಲಿ ಎಂದು ಅದನ್ನು ಇವನ ಅಪ್ಪನಿಗೆ ಕೊಟ್ಟಿದ್ದರು. ಲೈಸೆನ್ಸು ಅಪ್ಪನಿಂದ ಮಗನಿಗೆ ಬಂದಿತ್ತು. ಮಳೆಗಾಲವೆಲ್ಲ ಜೋಳದ ಹೊಲದ ಕಾವಲು ಮಂಚಿಕೆಯ ಮೇಲೆ ಬಿದ್ದು ನೆನೆದ ಆ ರೈಫಲ್ಲು ಹರಕು ಪಂಜೆಯಲ್ಲಿ ಸುತ್ತಿಕೊಂಡು ಬಂದಿತ್ತು. ಫೌಜಿನ ರೈಫಲ್ಲಿನ ಒಡಹುಟ್ಟಿದ ತಮ್ಮ ಅದು. ಬೋಲ್ಟು ಸಾಕ್ಷಾತ್ ಅಣ್ಣನದೇ.

ಇಲ್ಲಿ ಒಂದು ಮಾತು. ತುಕ್ಕಿಗೆ ನಮ್ಮ ಕಡೆ ಜಂಗು ಎನ್ನುತ್ತಾರೆ. ಉರ್ದುವಿನಿಂದಲೇ ಬಂದ ಮಾತು, ಆದರೆ ಯುದ್ಧದ ಜಂಗ್ ಬೇರೆ, ತುಕ್ಕಿನದು ಬೇರೆ. ತುಕ್ಕಿನದಕ್ಕೆ ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟು ಗುಂಯ್ ಎನ್ನಿಸುವ ಒಂದು ಅಕ್ಷರ ಬೇಕು. ಅದು ನಮ್ಮ ಸೀಮೆಯ ನಾಲಗೆಗೆ ಹತ್ತುವುದಿಲ್ಲ. ನಮಗೆ ಎರಡೂ ಜಂಗೇ.

‘ಬಂದೂಕು ಹೇಗಿದೆ?’ ಎಂದು ಅಮೀನರು ಚಹ ಕುಡಿಯುತ್ತ ಕೇಳಿದರು.

‘ಹೆಂಗಿರತೈತ್ರಿ ಸಾಹೇಬ್ರ. ಜಂಗಿನ ಬಂದೂಕ.’

ಅಮೀನರ ಚಹದ ಬಸಿ ತುಟಿಯ ಹತ್ತಿರ ನಿಂತಿತು. ‘ಏನಂದಿ? ಜಂಗಿ?’

‘ಹೂನ್ರಿ. ಅಂತಿಂಥಾ ಜಂಗ್ ಅಲ್ರಿ. ಒಳಗ ಹೊರಗ ಎಲ್ಲಾ ಜಂಗ್.’

‘ಯಾವಾಗಿನಿಂದ?’

‘ನಮ್ಮಪ್ಪನ ಕಾಲಕ್ಕ ಸುರು ಆಗಿತ್ರಿ. ನನ್ನ ಕೈಗೆ ಬಂದ ಮ್ಯಾಲ ಭಾಳ ಆಗೇತಿ.’

‘ಈ ಜಂಗ್ ಎಲ್ಲಿಂದ ಬಂತು? ಸಚ್ ಬೋಲೋ.’

‘ಮ್ಯಾಲಿಂದ್ರಿ’ ಎಂದು ಫಕೀರಪ್ಪ ಆಕಾಶಕ್ಕೆ ಕೈ ತೋರಿಸಿದ. ಮಳೆ ಎಂದು ಅವನ ಅರ್ಥ.

‘ಹವಾಯಿ ಜಹಾಜಿನಿಂದ?’

ವಿಮಾನಕ್ಕೆ ಹಾಗೆನ್ನುತ್ತಾರೆಂದು ಫಕೀರಪ್ಪನಿಗೆ ತಿಳಿಯಲಿಲ್ಲ. ‘ಏನರ ಅನ್ರಿ. ಮ್ಯಾಲಿಂದ ಬಿದ್ದದ್ದಕ್ಕ ನಾವೇನ್ ಮಾಡೂನ್ರಿ.’

ಅಮೀನರು ದನಿ ತಗ್ಗಿಸಿದರು. ‘ನಿನ್ನ ಹತ್ತಿರ ಮಾತ್ರವೋ, ಊರಲ್ಲಿ ಇನ್ನೂ ಯಾರ ಮನೆಯಲ್ಲಾದರೂ ಇದೆಯೋ?’

‘ಅಯ್ಯ, ಎಲ್ಲರ ಮನ್ಯಾಗೂ ಐತ್ರಿ! ಈ ವರ್ಷ ಕೊಡ್ಲಿ, ಕುಡಗೋಲು ಸುದ್ದಾ ಜಂಗ್ ಆಗ್ಯಾವು.’

ಅಮೀನರು ಬಸಿಯನ್ನು ಮೇಜಿನ ಮೇಲಿಟ್ಟು, ‘ಬೇಡಿ ಹಾಕಿ’ ಎಂದರು. ಬೋಲ್ಟನ್ನು ಒಮ್ಮೆ ನೋಡಿದರು; ಅದು ಅಣ್ಣನ ಮುಖವನ್ನೇ ಹೊತ್ತು ಕೂತಿತ್ತಲ್ಲ. ಅಲ್ಲಿಂದಲೇ ಸವಾರನೊಬ್ಬನನ್ನು ಜಿಲ್ಲೆಯ ಪೊಲೀಸು ಮುಖ್ಯಸ್ಥರಾದ ದೊಡ್ಡ ಸಾಹೇಬರ ಕಡೆ ಓಡಿಸಿಬಿಟ್ಟರು. ಫಕೀರಪ್ಪ ತನ್ನ ಕೈಯ ಬೇಡಿಯನ್ನೂ ನಮ್ಮ ಮುಖಗಳನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ‘ಎಣ್ಣಿ ಹಚ್ಚಲಿಲ್ಲ ಅಂತ ಹಿಡದ್ರೇನ್ರಿ?’ ಎಂದು ನನ್ನನ್ನು ಕೇಳಿದ. ನಗು ಬರುವ ಮಾತು, ಆದರೆ ಅವನು ನಿಜವಾಗಿಯೇ ಕೇಳುತ್ತಿದ್ದ.

ನಮ್ಮ ಸಿಪಾಯಿ ಹುಸೇನಸಾಬ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು, ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ. ಅವನಿಗೆ ಎಲ್ಲ ಅರ್ಥವಾಗಿತ್ತು. ಅಮೀನರ ಮುಂದೆ ಹೋಗಿ ಸಲಾಮು ಹೊಡೆದು, ‘ಹುಜೂರ್, ಇಂವಾ ಹೇಳೂದು ಜಂಗ್ ಅಲ್ರಿ, ಜಂಗ್’ ಎಂದ.

‘ಅದನ್ನೇ ನಾನೂ ಹೇಳುತ್ತಿರುವುದು.’

‘ಅಲ್ರಿ ಹುಜೂರ್. ನೀವು ಅನ್ನೂದು ಜಂಗ್. ಇಂವಾ ಅನ್ನೂದು ಜಂಗ್.’

‘ಕುಡಿದಿದ್ದೀಯಾ?’

ಹುಸೇನಸಾಬ ಹಲ್ಲು ಕಚ್ಚಿ, ತುಟಿ ಅಗಲಿಸಿ, ಉಸಿರು ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿದ. ‘ಜಂಗ್!’ ಎಂದೇ ಬಂತು. ಅವನನ್ನು ಕುದುರೆಗೆ ಹುಲ್ಲು ಹಾಕಲು ಕಳಿಸಿದರು. ಆಗ ನಾನು ಮುಂದೆ ಹೋಗಿ, ನಳಿಗೆಗೆ ಹೆಬ್ಬೆರಳು ಉಜ್ಜಿ ಕೆಂಪಾದ ಬೆರಳನ್ನು ಅಮೀನರ ಮುಂದೆ ಹಿಡಿದೆ. ‘ಇದರಿ ಹುಜೂರ್. ಇದಕ್ಕ ಅಂತಾರ ನಮ್ಮ ಮಂದಿ.’ ಅಮೀನರು ನನ್ನ ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಅವರಿಗೆ ಪೂರ್ತಿ ತಿಳಿಯಿತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ರಸ್ತೆಯ ಕಡೆ ತಿರುಗಿದರು. ಸವಾರ ಕಾಣದಷ್ಟು ದೂರ ಹೋಗಿದ್ದ.

‘ಖಬರು ಹೋಗಿಬಿಟ್ಟಿದೆ, ಮಿಸ್ತ್ರಿ’ ಎಂದರು.

ಹೊಸಬರೇ, ನೌಕರಿಯಲ್ಲಿ ನೀವು ಬೇರೆ ಏನು ಮರೆತರೂ ಈ ಮಾತು ಮರೆಯಬೇಡಿ. ಖಬರು ಹೋದ ಮೇಲೆ ಬಂದೂಕು ಖಬರಿಗೆ ತಕ್ಕಂತೆ ಇರಬೇಕು. ಮಾರನೆಯ ದಿನ ಅಮೀನರು ನನ್ನನ್ನು ಹತ್ಯಾರಖಾನೆಗೆ ಕರೆದು ಬಾಗಿಲು ಮುಂದೆ ಮಾಡಿ, ‘ಇದಕ್ಕೆ ಮೂತಿ ತನಕ ಕಟ್ಟಿಗೆ ಹಾಕಲು ಬರುತ್ತಾ? ಸಂಗೀನಿನ ಕೊಕ್ಕೆ?’ ಎಂದು ಕೇಳಿದರು. ‘ಹುಜೂರ್, ಅಂಗಿ ಹಾಕಿದರ ಏನಾತ್ರಿ? ಹೊಟ್ಟಿ ಶಿಕಾರಿದ ಐತಿ. ಜಂಗಿ ತೋಟಾ ಒಳಗ ಹೋಗೂದಿಲ್ಲ’ ಎಂದೆ. ಹಾಗಾದರೆ ಜಂಗಿ ತೋಟಾ ತರಿಸಿ ಹಾಕಿ ನೋಡೋಣ ಎಂದರು. ನನಗೆ ಜೀವ ಬಂತು. ಫೌಜಿನ ಕಚೇರಿಗೆ ಕೇಳಿ ಬರೆದೆವು. ಜಂಗಿ ತೋಟಾ ಜಂಗಿ ಬಂದೂಕು ಇದ್ದವರಿಗೆ ಮಾತ್ರ, ನಿಮ್ಮಲ್ಲಿರುವುದು ಜಂಗಿ ಎಂದು ಮೊದಲು ಸಾಬೀತು ಮಾಡಿ ಎಂದು ಜವಾಬು ಬಂತು. ಸಾಬೀತು ಮಾಡುವುದಕ್ಕೇ ತೋಟಾ ಬೇಕು ಎಂದು ಮತ್ತೆ ಬರೆದೆವು. ಅದೇ ಜವಾಬು ಮತ್ತೆ ಬಂತು, ಈ ಸಲ ಸ್ವಲ್ಪ ಸಿಟ್ಟಿನಿಂದ.

ಅಮೀನರು ಮತ್ತೆ ಅಂಗಿಯ ಮಾತೆತ್ತಿದರು. ಆ ಕೆಲಸವನ್ನು ನಾನು ಸಾಧ್ಯವಾದಷ್ಟು ಎಳೆದೆ. ತೇಗ ಒಣಗಿಲ್ಲ ಎಂದೆ. ಉಕ್ಕು ವಿಲಾಯತಿಯದು ಬೇಕು ಎಂದೆ. ಅಲ್ಲಿಯ ತನಕ ಫಕೀರಪ್ಪ ಲಾಕಪ್ಪಿನಲ್ಲಿ ಕೂತಿದ್ದ. ಅವನು ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅನ್ನ ಹಾಕಲು ಹೋದವರನ್ನೆಲ್ಲ ‘ಹೊಲದಾಗ ಯಾರ ಅದಾರ?’ ಎಂದು ಮಾತ್ರ ಕೇಳುತ್ತಿದ್ದ. ಜೋಳ ತೆನೆ ಕಟ್ಟುವ ಹೊತ್ತು ಅದು, ಹಂದಿ ಇಳಿಯುವ ಹೊತ್ತು.

ಹೊಲದಲ್ಲಿ ಇದ್ದವಳು ಅವನ ಹೆಂಡತಿ ಹುಲಿಗೆವ್ವ. ರಾತ್ರಿ ಡಬ್ಬಿ ಬಡಿದು ಹಂದಿ ಓಡಿಸಿ, ಬೆಳಗಾದ ಮೇಲೆ ನಡೆದುಕೊಂಡು ಠಾಣೆಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಂದು ದಿನ ಅಮೀನರು ಹೊರಗೆ ಬರುವಾಗ ಅಡ್ಡ ನಿಂತಳು. ‘ರಾತ್ರಿ ಹಂದಿ ನನ್ನ ಹೊಲಾ ತಿಂತಾವು, ಹಗಲೆಲ್ಲಾ ನೀವು ನನ್ನ ಗಂಡನ್ನ ತಿಂತೀರಿ. ಏನ್ ಮಾಡಿದ್ರ ಬಿಡ್ತೀರಿ, ಅದನ್ನರ ಹೇಳ್ರಿ.’

ಅಮೀನರು ನೆಲ ನೋಡಿದರು. ‘ಬಂದೂಕು ಜಂಗಿ ಅಲ್ಲ ಅಂತ ಆಗಬೇಕಮ್ಮ. ದೊಡ್ಡ ಸಾಹೇಬರು ನೋಡಲು ಬರುತ್ತಿದ್ದಾರೆ. ಅವರು ನೋಡಿ ಜಂಗ್ ಇಲ್ಲ ಅಂದರೆ ಬಿಡಬಹುದು.’

ಹುಲಿಗೆವ್ವನ ಕಣ್ಣು ಅರಳಿದವು. ‘ಇಷ್ಟ ಏನ್ರಿ? ಇದಕ್ಕ ಇಷ್ಟ ದಿನ ಕೂಡಿಸೀರೇನ್ರಿ ಅವನ್ನ?’

ಹುಸೇನಸಾಬ ಅವಳಿಗೆ ತಿಳಿಸಿ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಸರಿಯಾದದ್ದನ್ನು ಹೇಳಿ ಹೇಳಿ ನಾವಿಬ್ಬರೂ ಸೋತಿದ್ದೆವು. ಇವಳಾದರೂ ತಪ್ಪು ತಿಳಿದುಕೊಂಡು ಏನು ಮಾಡುತ್ತಾಳೋ ನೋಡೋಣ ಅನ್ನಿಸಿತು. ‘ದೊಡ್ಡ ಸಾಹೇಬರ ಮುಂದ ಹತ್ಯಾರ ಹೊಲಸ ಇರಬಾರದ್ರಿ ಹುಜೂರ್, ತಿಕ್ಕಿಸ್ಲೇನ್ರಿ?’ ಎಂದು ಅಮೀನರನ್ನು ಕೇಳಿದೆ. ತಿಕ್ಕಿಸು ಎಂದರು.

ನಾನು ನೌಕರಿಗೆ ಸೇರಿದಾಗ ನಳಿಗೆಯನ್ನು ಬೂದಿ, ಮಜ್ಜಿಗೆ ಹಾಕಿ ತೊಳೆಯುತ್ತಿದ್ದೆವು. ಆಮೇಲೆ ಬಾಟಲಿಯ ಎಣ್ಣೆ ಬಂತು, ಬ್ರಷ್ಷು ಬಂತು, ಈಗ ಮತ್ತೇನೇನೋ ಬಂದಿವೆಯಂತೆ. ಆದರೆ ಹುಲಿಗೆವ್ವ ತಿಕ್ಕಿದ ಹಾಗೆ ಯಾರೂ ತಿಕ್ಕಿದ್ದನ್ನು ನಾನು ಕಂಡಿಲ್ಲ. ಠಾಣೆಯ ಅಂಗಳದಲ್ಲಿ ಕಾಲು ಚಾಚಿ ಕೂತು, ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಔಡಲೆಣ್ಣೆಯಲ್ಲಿ ಇಟ್ಟಂಗಿ ಪುಡಿ ಕಲಸಿ ಶುರುಮಾಡಿದಳು. ಸೀರೆಯ ಚೂರನ್ನು ಕಡ್ಡಿಗೆ ಸುತ್ತಿ ನಳಿಗೆಯೊಳಗೆ ಎಳೆದಳು. ಇಟ್ಟಂಗಿ ಪುಡಿಯಿಂದ ಉಕ್ಕು ಕೆಟ್ಟೀತು ಎಂದು ಮಿಸ್ತ್ರಿಯಾದ ನಾನು ಹೇಳಬೇಕಿತ್ತು. ಹೇಳಲು ಧೈರ್ಯ ಬರಲಿಲ್ಲ. ಲಾಕಪ್ಪಿನ ಸರಳಿನ ಹಿಂದೆ ಫಕೀರಪ್ಪ ಅವಳ ಕೈಯನ್ನೇ ನೋಡುತ್ತ ನಿಂತಿದ್ದ. ‘ಬೋಲ್ಟಿನ ಸಂದ್ಯಾಗ ಉಳದೈತಿ ನೋಡ’ ಎಂದು ಒಮ್ಮೆ ಕೂಗಿ ಹೇಳಿದ. ‘ನಿನ್ನ ಕಣ್ಣಿಗೆ ಈಗ ಕಂಡತೇನು? ಮಂಚಿಕಿ ಮ್ಯಾಲ ಒಗದಾಗ ಕಾಣಲಿಲ್ಲ?’ ಎಂದು ಅವಳು ಇಲ್ಲಿಂದಲೇ ಬೈದಳು. ಹಿಡಿದ ದಿನದಿಂದ ಮೊದಲ ಸಲ ಅವನು ನಕ್ಕ.

ದೊಡ್ಡ ಸಾಹೇಬರು ಬಂದರು. ಬಿಳಿ ಮೀಸೆಯ, ಸದಾ ಪಾನು ಜಗಿಯುವ ಹಿರಿಯರು. ಅಮೀನರು ಬಂದೂಕನ್ನು ಹಸಿರು ಬಟ್ಟೆಯ ಮೇಲೆ ಇಡಿಸಿದ್ದರು. ಅವರು ಮಾತು ಶುರುಮಾಡುವ ಮೊದಲೇ ಹುಲಿಗೆವ್ವ ನುಗ್ಗಿ ಬಂದು ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ದೊಡ್ಡ ಸಾಹೇಬರ ಮೂಗಿನ ಹತ್ತಿರ ಹಿಡಿದಳು.

‘ಬೊಟ್ಟಿಟ್ಟ ನೋಡ್ರಿ ಸಾಹೇಬ್ರ! ಎಲ್ಲೆರ ಜಂಗ್ ಐತೇನ್ರಿ? ಒಂದ ಸಾಸಿವಿ ಕಾಳಿನಷ್ಟ ತೋರಸ್ರಿ, ನಾನೂ ಅವನ ಜೋಡಿ ಒಳಗ ಹೋಗಿ ಕುಂದರ್ತೀನಿ.’

ದೊಡ್ಡ ಸಾಹೇಬರು ಬೆರಳಿಟ್ಟರು. ಬಿಳಿ ಕರವಸ್ತ್ರ ತೆಗೆದು ನಳಿಗೆಗೆ ಎಳೆದರು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಅವರು ಅವಳನ್ನು ನೋಡಿದರು, ಅಮೀನರನ್ನು ನೋಡಿದರು, ಬೇಡಿಯಲ್ಲಿದ್ದ ಫಕೀರಪ್ಪನನ್ನು ನೋಡಿದರು. ಆಮೇಲೆ ಪಾನು ಹೊರಗೆ ಬರುವ ಹಾಗೆ ನಗತೊಡಗಿದರು. ‘ಅರೆ ಅಮೀನ್ ಸಾಬ್, ಇವರು ಹೇಳೋದು ಜ಼ಂಗ್! ಜ಼ಂಗ್!’ ಆ ಅಕ್ಷರ ನಮ್ಮ ಅಂಗಳದಲ್ಲಿ ಮೊದಲ ಸಲ ಸರಿಯಾಗಿ ಗುಂಯ್ ಎಂದಿತು. ಹುಸೇನಸಾಬ ನನ್ನ ಕಡೆ ತಿರುಗಿ, ‘ನಾ ಇದನ್ನ ಅಂದಿದ್ದೆ ಹೌದಿಲ್ಲೋ?’ ಎಂದ.

ನಗುತ್ತಿದ್ದ ದೊಡ್ಡ ಸಾಹೇಬರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ಅಮೀನರ ಕಿವಿಯ ಹತ್ತಿರ ಬಾಗಿ, ‘ನಾನು ಹೈದರಾಬಾದಿಗೆ ಖಬರು ಕಳಿಸಿಬಿಟ್ಟಿದ್ದೇನೆ’ ಎಂದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಇನ್ನು ಫಕೀರಪ್ಪ ಮತ್ತೆ ಒಳಗೆ ಹೋದಂತೆಯೇ ಎಂದು ನಾನು ತಿಳಿದೆ. ದೊಡ್ಡ ಸಾಹೇಬರು ಪಾನು ಉಗುಳಿ, ಮೀಸೆ ಒರೆಸಿಕೊಂಡು ಹುಲಿಗೆವ್ವನ ಕಡೆ ತಿರುಗಿದರು.

‘ಮೊದಲು ಇದರಲ್ಲಿ ಜಂಗ್ ಇತ್ತಾ?’

‘ಇತ್ತರಿ. ಸುಳ್ಳ ಯಾಕ ಹೇಳ್ಲಿ.’

‘ತೆಗೆದವರು ಯಾರು?’

‘ನಾನ ತಗದೀನ್ರಿ. ನಿಮ್ಮ ಠಾಣ್ಯಾಗ ಕುಂತು, ಎಲ್ಲರ ಕಣ್ಣಮುಂದ.’

‘ಈಗ ಇಲ್ಲ?’

‘ನೀವ ನೋಡಿರಲ್ರಿ!’

‘ಬಸ್’ ಎಂದರು ದೊಡ್ಡ ಸಾಹೇಬರು. ಅಲ್ಲಿಯೇ ಹೈದರಾಬಾದಿಗೆ ಎರಡನೆಯ ಖಬರು ತಯಾರಾಯಿತು. ಬಂದೂಕು ಜಂಗಿ ಆಗಿದ್ದದ್ದು ನಿಜ. ಅಮೀನರ ಉಸ್ತುವಾರಿಯಲ್ಲಿ ಅದರ ಜಂಗನ್ನು ಪೂರ್ತಿ ತೆಗೆದು ಅದನ್ನು ಶಿಕಾರಿ ಬಂದೂಕು ಮಾಡಲಾಗಿದೆ. ಇನ್ನು ಮಾಲೀಕನಿಗೆ ಹಿಂತಿರುಗಿಸಲು ಅಡ್ಡಿಯಿಲ್ಲ. ಯಾರ ಖಬರೂ ಸುಳ್ಳಾಗಲಿಲ್ಲ. ಸ್ವಲ್ಪ ದಿನದ ಮೇಲೆ ಅಮೀನರಿಗೆ ಮೇಲಿನಿಂದ ಶಾಬಾಸ್‌ಗಿರಿ ಬಂತು. ಜಂಗಿ ಬಂದೂಕನ್ನು ಶಿಕಾರಿ ಮಾಡುವ ವಿಧಾನವನ್ನು ಉಳಿದ ಠಾಣೆಗಳಿಗೂ ಕಲಿಸಬೇಕೆಂಬ ಸೂಚನೆಯೂ ಬಂತು. ಅಮೀನರು ಅದನ್ನು ಓದಿ ನನ್ನ ಕಡೆ ನೋಡಲಿಲ್ಲ.

ಬೇಡಿ ಬಿಚ್ಚಿದ ಮೇಲೆ ಫಕೀರಪ್ಪ ನನ್ನ ಹತ್ತಿರ ಬಂದು ಕೂತ. ‘ಯಾಕ ಹಿಡದ್ರು, ಯಾಕ ಬಿಟ್ರು, ಒಂದೂ ತಿಳೀಲಿಲ್ರಿ ಮಿಸ್ತ್ರಿ.’ ನಾನು ಮೊದಲಿನಿಂದ ಬಿಡಿಸಿ ಹೇಳಿದೆ. ಹುಸೇನಸಾಬ ಹೊಟ್ಟೆ ಹಿಡಿದು ನಗುತ್ತಿದ್ದ. ಫಕೀರಪ್ಪ ನಗಲಿಲ್ಲ. ‘ಒಂದ ಮಾತಿಗೇನ್ರಿ? ನಾ ಹುಟ್ಟಿದಾಗಿಂದ ಆಡಿದ ಮಾತಿಗೆ?’ ಎಂದ. ಅವನ ಜೋಳದ ಹೊಲದಲ್ಲಿ ಹಂದಿ ಬಿಟ್ಟ ದಂಟು ಮಾತ್ರ ಉಳಿದಿತ್ತು. ಆಮೇಲೆ ಅವನು ಜಂಗು ಎಂಬ ಮಾತನ್ನೇ ಬಿಟ್ಟ. ತಪಾಸಣೆಗೆ ಬಂದರೆ ‘ತುಕ್ಕ ಇಲ್ರಿ, ತುಕ್ಕ ಇಲ್ಲ’ ಎಂದು ಕೇಳುವ ಮೊದಲೇ ಹೇಳುತ್ತಿದ್ದ. ಸುತ್ತಲಿನ ಊರುಗಳಲ್ಲೂ ತುಕ್ಕು ಎನ್ನುವುದು ರೂಢಿಯಾಯಿತು. ಒಪ್ಪದವಳು ಹುಲಿಗೆವ್ವ ಒಬ್ಬಳೇ. ‘ನಮ್ಮವ್ವ ಜಂಗ್ ಅಂದಾಳ, ನಾನೂ ಜಂಗ್ ಅನ್ನಾಕಿ. ಇವರಿಗೆ ತಿಳೀಲಿಲ್ಲಂದ್ರ ನಾ ಯಾಕ ಬಾಯಿ ತೊಳಕೊಳ್ಳಿ?’ ಎನ್ನುತ್ತಿದ್ದಳು.

ಕೊನೆಯದೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನಿಜಾಮರ ಆಳಿಕೆ ಮುಗಿದು ಹಿಂದೂಸ್ತಾನದ ಫೌಜು ನಮ್ಮ ಸೀಮೆಗೆ ಬಂದ ವರ್ಷ, ಎಲ್ಲರೂ ಹತ್ಯಾರ ತಂದು ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಕುಷ್ಟಗಿಯಲ್ಲಿ ರಸ್ತೆಗಳು ಕೂಡುವ ಬಯಲಿನಲ್ಲಿ ಜನ ಸೇರಿದ್ದರು. ನಮ್ಮ ಠಾಣೆಯ ಹೋರಿಗಳನ್ನು ಗಾಡಿಯಲ್ಲಿ ಹೇರಿಕೊಂಡು ನಾನೂ ಹೋಗಿದ್ದೆ. ಜನ್ಮಪೂರ್ತಿ ಪಾಠ ಹೇಳಿದ ಫೌಜಿನ ರೈಫಲ್ಲನ್ನು ಅಂದು ಜೀವಂತ ಕೈಯಲ್ಲಿ ಕಂಡೆ. ಮೂತಿಯ ತನಕ ಅಂಗಿ, ಕೊಕ್ಕೆ, ಕೊಕ್ಕೆಗೆ ಸಂಗೀನು. ಹವಾಲ್ದಾರನಿಗೆ ಶಿಕಾರಿ, ಪೊಲೀಸು, ನಾಡಬಂದೂಕು ಎಂದು ವಿಂಗಡಿಸಿ ಕೊಡುತ್ತೇನೆ ಎಂದೆ. ಅವನು ‘ಸಬ್ ಏಕ್ ಹೈ’ ಎಂದು ನೆಲದ ಮೇಲಿನ ರಾಶಿಗೆ ಕೈ ತೋರಿಸಿದ. ನನ್ನ ಇಡೀ ವಿದ್ಯೆ ಆ ರಾಶಿಯಲ್ಲಿ ಬಿತ್ತು.

ಫಕೀರಪ್ಪ, ಹುಲಿಗೆವ್ವ ಇಬ್ಬರೂ ಬಂದಿದ್ದರು. ಅವಳ ಕೈಯಲ್ಲಿ ಪಳಪಳ ಹೊಳೆಯುವ ಆ ರೈಫಲ್ಲು, ಹೊಸ ಬಟ್ಟೆಯಲ್ಲಿ ಸುತ್ತಿದ್ದು. ಫೌಜಿನ ಸಿಪಾಯಿ ಅದನ್ನು ಕಿತ್ತುಕೊಂಡು, ಬಟ್ಟೆ ಬಿಚ್ಚಿ ರಾಶಿಯ ಮೇಲೆ ಎಸೆದ. ಅದು ಕಣಜ ಗೂಡು ಕಟ್ಟಿದ್ದ ಹಳೆ ಬಂದೂಕುಗಳ ಮೇಲೆ ಬಿದ್ದು ಒಂದು ಸುತ್ತು ಉರುಳಿತು. ಆಗಲೇ ಮೋಡ ಕವಿದು ದಪ್ಪ ಹನಿ ಬೀಳತೊಡಗಿದವು. ಸಿಪಾಯಿಗಳು ತಮ್ಮ ತಮ್ಮ ರೈಫಲ್ಲುಗಳನ್ನು ಕೋಟಿನೊಳಗೆ ಮುಚ್ಚಿಕೊಂಡು ಮರದ ಕಡೆ ಹೊರಟರು. ಹುಲಿಗೆವ್ವ ರಾಶಿಯನ್ನು ನೋಡಿದಳು, ಆಕಾಶ ನೋಡಿದಳು, ತಡೆಯಲಾಗಲಿಲ್ಲ.

‘ಯಪ್ಪಗಳಿರಾ, ಮ್ಯಾಲ ಏನರ ಹೊದಸ್ರಿ!’ ಎಂದು ಬಯಲೆಲ್ಲ ಕೇಳುವ ಹಾಗೆ ಕೂಗಿದಳು. ‘ಹಿಂಗ ಬಿಟ್ಟ ಹೋದ್ರ ಮತ್ತ ಜಂಗ್ ಆಗತೈತಿ! ಮತ್ತ ಜಂಗ್ ಆಗತೈತಿ!’

ಜಂಗ್ ಎಂಬ ಮಾತಿಗೆ ಸಿಪಾಯಿಗಳು ಗರ್ರನೆ ತಿರುಗಿದರು. ಕೋಟಿನೊಳಗಿನ ರೈಫಲ್ಲುಗಳು ಹೊರಗೆ ಬಂದವು, ಸಂಗೀನುಗಳು ಅವಳ ಕಡೆ ಚಾಚಿದವು. ಜನ ಹಿಂದೆ ಸರಿದರು. ಫಕೀರಪ್ಪ ಕೆಸರಿನಲ್ಲಿ ಜಾರುತ್ತ ಓಡಿಹೋಗಿ, ಅವಳ ಮುಂದೆ ನಿಂತು, ಅಂಗೈಯಿಂದ ಅವಳ ಬಾಯಿ ಮುಚ್ಚಿದ.

‘ತುಕ್ಕ ಅನ್ನ, ಹುಲಿಗೆವ್ವಾ’ ಎಂದು ಅಳುತ್ತಿದ್ದ. ‘ನಿನ್ನ ಕಾಲ ಬೀಳ್ತೀನಿ, ತುಕ್ಕ ಅನ್ನ.’